ನೀಲವ್ವಜ್ಜಿಯ ಬೆರಳಿನ ನರಹುಲಿ

ಬಾಗಲಕೋಟೆ
ಇಸವಿ 2311, ಹದಿಮೂರನೇ ತಿಂಗಳು, ಎರಡನೇ ದಿನ

ಬಳೆಗಾರ್ತಿ ನೀಲವ್ವಜ್ಜಿಯವರಿಗೆ, ನಿಮ್ಮ ತಂಗಿಯ ಮಗಳು ಪಲ್ಲವಿಯ ವಂಶದವಳಾದ ನಿಹಾರವ್ವ ಮಾಡುವ ನಮಸ್ಕಾರಗಳು.

ಹದಿಮೂರನೇ ತಿಂಗಳೆಂದರೆ ಏನೆಂದು ಈಗ ಕೇಳಬೇಡಿ; ವಿವರಿಸುತ್ತ ಕೂತರೆ ಅಲ್ಲಿ ಪಲ್ಲವಿಯ ಮದುವೆಯೇ ಮುಗಿದುಹೋದೀತು. ನನ್ನ ಮಾತಿನಲ್ಲಿ ವಿಚಿತ್ರವೆನಿಸುವ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಚರ್ಮದ ವೈದ್ಯೆ, ಸ್ವಲ್ಪ ಬಾಯಿ ಜೋರು. ಅದು ನಿಮ್ಮ ಕಡೆಯಿಂದಲೇ ಬಂದದ್ದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.

ನಮ್ಮ ಮನೆಗಳಲ್ಲಿ ದೇವರ ಗೂಡಿನ ಪಕ್ಕ ದನಿಗೂಡು ಇರುತ್ತದೆ. ಹಿರಿಯರು ಫೋನಿನಲ್ಲಿ ಆಡಿದ ಮಾತುಗಳನ್ನು ಅದರಲ್ಲಿ ಕಾಪಾಡಿಕೊಂಡಿದ್ದೇವೆ. ಬೆಳಿಗ್ಗೆ ಚಹಾ ಕುದಿಯುವಾಗ ಯಾರಾದರೊಬ್ಬರ ದನಿ ಕೇಳುವುದು ನಮ್ಮ ರೂಢಿ. ಇವತ್ತು ನಿಮ್ಮದು ಬಂತು. ತಂಗಿಗೆ ಹೇಳುತ್ತಿದ್ದಿರಿ: “ಎರಡ ಸಲ ಸುಡಿಸಿದೆ, ಈ ಸುಡುಗಾಡ ನರೂಲಿ ಮತ್ತ ಬಂತಲ್ಲ! ಬಳಿ ಸರಾಗ ಜಾರಾಕ ಹತ್ತಿತ್ತು, ಹೋತು ಅಂತ ಔಷಧ ಬಿಟ್ಟಿದ್ದೆ. ಯಾರದೋ ಶಾಪ ತಗಲೇತಿ ನನಗ. ಇಂಥಾ ಕೈಲೆ ಪಲ್ಲವಿಗೆ ಬಳಿ ಇಡಂಗಿಲ್ಲ, ಬ್ಯಾರೆ ಯಾರನರ ಕರೀರಿ.” ಕೇಳಿ ನನಗೆ ಸಿಟ್ಟೇ ಬಂತು. ಶಾಪವಂತೆ!

ನಮ್ಮಲ್ಲಿ ಒಳಗನ್ನಡಿ ಎಂಬ ಗಾಜು ಇದೆ. ಚರ್ಮದ ಮೇಲೆ ಹಿಡಿದರೆ ನರಹುಲಿಯ ವೈರಸ್ ಕೂತ ಜಾಗವೆಲ್ಲ ನೀಲಿಯಾಗಿ ಕಾಣುತ್ತದೆ. ಗಂಟು ಉದ್ದಿನ ಕಾಳಿನಷ್ಟೇ ಇದ್ದರೂ ನೀಲಿ ಅದರ ಸುತ್ತಲಿನ ನುಣುಪಾದ ಚರ್ಮದಲ್ಲೂ ಹರಡಿರುತ್ತದೆ. ಡಾಕ್ಟರು ಗಂಟನ್ನು ಸುಟ್ಟರು; ಸುತ್ತ ಅಡಗಿದ್ದು ಅಲ್ಲೇ ಉಳಿಯಿತು. ಕಣ್ಣಿಗೆ ಕಾಣದ್ದನ್ನು ಪಾಪ ಅವರಾದರೂ ಏನು ಮಾಡಿಯಾರು. ನೀವೋ, ಗಿರಾಕಿಯ ಬಳೆ ನಿಮ್ಮ ಬೆರಳಿಗೆ ತೊಡರದೆ ಜಾರಿದ ದಿನವೇ ಗುಣವಾಯಿತೆಂದು ಔಷಧ ಬಿಟ್ಟಿರಿ. ಬಳೆಗಾರರಲ್ಲದೆ ಇನ್ಯಾರೂ ಹೀಗೆ ಅಳೆಯಲಾರರು! ಮೇಲಾಗಿ ಬಳೆ ಜಾರಲೆಂದು ಗಿರಾಕಿಯ ಕೈಗೆ ಹಚ್ಚುವ ಸೋಪಿನ ನೊರೆಯಲ್ಲಿ ದಿನವಿಡೀ ನೆನೆದು ನಿಮ್ಮ ಚರ್ಮ ಮೆತ್ತಗಾಗಿರುತ್ತದೆ. “ಉಗುರಲೆ ಕೆರೀಬ್ಯಾಡಕ್ಕಾ ಅಂದ್ರ ಕೇಳ್ತೀಯೇನ?” ಎಂದು ನಿಮ್ಮ ತಂಗಿ ಬೈಯುವುದೂ ದನಿಯಲ್ಲಿದೆ. ಗಂಟನ್ನು ಕೆರೆದ ಉಗುರೇ ಪಕ್ಕದ ಬೆರಳಿಗೂ ವೈರಸ್ ಅಂಟಿಸುತ್ತದೆ. ಮೈ ಅದರ ಗುರುತು ಹಿಡಿದು ಓಡಿಸುವವರೆಗೂ ಅದು ಮರಳಿ ಬರಬಹುದು. ನಮಗೂ ಬರುತ್ತದೆ ಅಜ್ಜಿ. ನನ್ನ ಹೆಬ್ಬೆರಳಲ್ಲೇ ಒಂದಿದೆ. ವೈದ್ಯೆಯೆಂಬ ಮರ್ಯಾದೆಯೂ ಅದಕ್ಕಿಲ್ಲ.

ಮತ್ತೆ ಡಾಕ್ಟರ ಹತ್ತಿರ ಹೋಗಿ. ಆ ಜಾಗದಲ್ಲಿ ಬೆರಳಿನ ಗೆರೆಗಳು ಮೊದಲಿನಂತೆ ಮೂಡುವವರೆಗೆ, ಅವರು ಸಾಕು ಎನ್ನುವವರೆಗೆ, ಔಷಧ ಬಿಡಬೇಡಿ. ಟವೆಲ್ ಬೇರೆ ಇಟ್ಟುಕೊಳ್ಳಿ. ಬಳೆ ಇಡುವಾಗ ರಬ್ಬರ್ ಗ್ಲೌಸ್ ಹಾಕಿ. ಗಾಜಿನ ಬಳೆಗಳೇನೂ ಮುನಿಸಿಕೊಳ್ಳುವುದಿಲ್ಲ.

ಪಲ್ಲವಿಯ ಮದುವೆ ಮನೆಯ ದನಿಯೂ ಗೂಡಿನಲ್ಲಿದೆ. ಹೆಂಗಸರ ಗದ್ದಲ, ಬಳೆಗಳ ಸದ್ದು. ಬೇರೆ ಯಾರೋ ಬಳೆಗಾರ್ತಿ “ಕೈ ಕೊಡವಾ” ಎನ್ನುತ್ತಾಳೆ. “ತಡೀರಿ, ನಮ್ಮ ದೊಡ್ಡವ್ವ ಬರತಾಳ. ಆಕಿ ಬರೂತನಕ ನಾ ಯಾರಿಗೂ ಕೈ ಕೊಡಂಗಿಲ್ಲ,” ಎನ್ನುತ್ತಾಳೆ ಪಲ್ಲವಿ. ಅಲ್ಲಿಗೆ ದನಿ ನಿಂತುಬಿಡುತ್ತದೆ. ಮುಂದೇನಾಯಿತೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಹೋಗುತ್ತೀರೆಂಬ ಧೈರ್ಯ ನನಗಿದೆ. ಏಳಿ ಅಜ್ಜಿ, ಗ್ಲೌಸ್ ಹಾಕಿಕೊಳ್ಳಿ. ಹುಡುಗಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.