ಸೋದರತ್ತಿ ರಕ್ತ

ಅಣ್ಣಾ,

ನಾ ಮುಂಜಾನಿ ಗಾಡಿಗೆ ಮಿರಜಿ ದವಾಖಾನಿಗೆ ಹೊಂಟೇನಿ. ಬ್ಯಾರೆ ರಕ್ತ ಹುಡಕಾಕ ರಾಜೂರಿಗೆ ಹೋದ ನೀ ಬರೂತನಕ ಕಾಯೂದಿಲ್ಲ. ಗುರುವಾರ ನಿನ್ನ ಮಗಳು ನೀಲವ್ವನ ಹೃದಯದ ಆಪರೇಶನ್. ಮನಿಯವರೊಳಗ ಅಕಿಗೆ ಕೂಡೂದು ನನ್ನ ರಕ್ತ ಒಂದೇ ಅಂತ ಡಾಕ್ಟರು ನಿನ್ನ ಮುಂದೇ ಹೇಳ್ಯಾರ. "ಗಂಡ ಸತ್ತಾಕಿ ರಕ್ತ ಕೂಸಿಗೆ ಬ್ಯಾಡ" ಅಂದಾಂವ ನೀ, ಡಾಕ್ಟರಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವ. ಎಮ್ಮಿ ಹಿಂಡಿಲ್ಲ, ನೀನೇ ಹಿಂಡು. ಅವ್ವ ಅತ್ತರ ಸಮಾಧಾನ ಮಾಡು.

ತೊಟ್ಟಿಲಕ್ಕ ಹಾಕಿದ ದಿನ ಕೂಸಿನ ಕಿವ್ಯಾಗ ಹೆಸರ ಹೇಳಬೇಕಾದಾಕಿ ಸೋದರತ್ತಿ. ಆವತ್ತ ನನ್ನ ಅಡಗಿಮನ್ಯಾಗ ಕೂಡಿಸಿ, ಬ್ಯಾರೇದವರ ಕಡಿಂದ ಹೇಳಿಸಿದಿ. ನಾ ಅಲ್ಲೇ ಹೋಳಗಿ ಲಟ್ಟಿಸಿದೆ. ಆಪರೇಶನ್ ಆಗಿ ಅಕಿ ಕಣ್ಣ ತಗದಾಗ, ಕಿವ್ಯಾಗ ಬಾಯಿಟ್ಟು ಹೆಸರ ಹೇಳಾಕಿ ನಾನೇ. ಬ್ಯಾಡನ್ನೂದಿದ್ರ ಅಲ್ಲಿಗೇ ಬಂದು ಅನ್ನು.

ಕಳಕವ್ವ