ಗೋಡೆಗೇರಿದ ಕುರ್ಚಿ

ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರೇ,

ಕಳೆದ ಶುಕ್ರವಾರ ವರ್ನಾ ಟ್ವೆಟನ್ ಅವರನ್ನು ಸನ್ಮಾನಿಸುವ ಭರದಲ್ಲಿ ನೀವು ಅವರ ಹುದ್ದೆಯನ್ನೇ ಕೊಂದಿರಿ. ಕೊಂದದ್ದು ನಿಮಗಿನ್ನೂ ಗೊತ್ತಾಗಿಲ್ಲವೆಂಬ ಅನುಮಾನದಿಂದ ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇನೆ.

ಯಾವ ಮಸೂದೆ ಬಂದರೂ ಅದರ ನಿಜವಾದ ಖರ್ಚನ್ನು ಎರಡೂ ಪಕ್ಷಗಳ ಮುಖಕ್ಕೆ ಹೇಳುವುದು, ನಮ್ಮ ವಿಧಾನಸಭೆಯ ಬಜೆಟ್ ತಜ್ಞೆಯಾಗಿ ಮೂವತ್ತು ವರ್ಷ ವರ್ನಾ ಮಾಡಿದ ಕೆಲಸ. ಅಂಥವರು ನಿವೃತ್ತರಾದರೆ ಬೇರೆ ಕಡೆ ಗಡಿಯಾರ ಕೊಡುತ್ತಾರೆ. ನಮ್ಮದು ಮಂಜುಗಡ್ಡೆಯ ಮೇಲಾಡುವ ಹಾಕಿ ಆಟದ ಹುಚ್ಚರ ರಾಜ್ಯ. ದೊಡ್ಡ ಆಟಗಾರ ನಿವೃತ್ತನಾದರೆ ಅವನ ಅಂಗಿಯನ್ನು ಕ್ರೀಡಾಂಗಣದ ಸೂರಿಗೆ ತೂಗುಹಾಕಿ, ಅದರ ಸಂಖ್ಯೆಯನ್ನು ಇನ್ಯಾರಿಗೂ ಕೊಡುವುದಿಲ್ಲ. ನೀವೂ ವರ್ನಾರ ಕುರ್ಚಿಯನ್ನು ಗೋಡೆಗೇರಿಸಿ, 'ಈ ಸ್ಥಾನದಲ್ಲಿ ಇನ್ನೆಂದೂ ಯಾರೂ ಕೂರತಕ್ಕದ್ದಲ್ಲ' ಎಂದು ನಿರ್ಣಯ ಓದಿದಿರಿ. ಸದನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸ್ವಾಮಿ, ಅಂಗಿ ತೂಗುಹಾಕಿದ ತಂಡ ಮರುದಿನ ಬೇರೊಬ್ಬನನ್ನು ಆಡಿಸುತ್ತದೆ. ನೀವು ಗೋಲು ಕಾಯುವವರೇ ಇಲ್ಲದೆ ಆಡಲು ಹೊರಟಿದ್ದೀರಿ.

ವೀಕ್ಷಕರ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದ ಗೆಳತಿ ವರ್ನಾ ಪಿಸುಗುಟ್ಟಿದರು: "ಅಲ್ಲ ಕಣೇ ಆಗ್ನೆಸ್, ಮನೆಗೆ ಹೋಗೋಳು ನಾನು. ಕುರ್ಚಿ ಏನೇ ತಪ್ಪು ಮಾಡಿತ್ತು?"

"ಎದ್ದು ಹೇಳೇ!"

"ಅವ್ರು ಕೇಳಿದ್ರೆ ತಾನೇ ನಾನು ಹೇಳೋದು? ಇವತ್ತು ಯಾರೂ ಕೇಳ್ಲೇ ಇಲ್ಲ."

ಬರೀ ಗೌರವಾರ್ಥ ಎನ್ನಬೇಡಿ. ಹೊಸ ತಜ್ಞರು ಯಾವಾಗ ಬರುತ್ತಾರೆಂದು ನಿನ್ನೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ನಿರ್ಣಯ ಆಗಿದೆಯಲ್ಲಮ್ಮಾ, ಯಾರೂ ಕೂರೋ ಹಾಗಿಲ್ಲ" ಎಂಬ ಉತ್ತರ ಬಂತು.

ಹಿಂದೊಮ್ಮೆ ನಮ್ಮೂರಿನ ಆಂಬುಲೆನ್ಸ್ ಠಾಣೆ ಮುಚ್ಚಿ ದುಡ್ಡು ಉಳಿಸುವ ಮಸೂದೆ ಬಂದಿತ್ತು. "ಉಳಿಯುತ್ತೆ ಸರ್, ಮೊದಲ್ನೇ ಹಿಮಗಾಳಿ ತನಕ. ಆಮೇಲೆ ಹೆಲಿಕಾಪ್ಟರ್ ಬಾಡಿಗೆ ನೀವೇ ಕಟ್ತೀರಿ" ಎಂದರು ವರ್ನಾ. "ನೀವು ಯಾರ ಕಡೆಯಮ್ಮಾ?" ಎಂದು ಗದರಿದವರು ಆಗ ಸಮಿತಿಯ ಅಧ್ಯಕ್ಷರಾಗಿದ್ದ ತಾವೇ. ಮರೆತಿರಬಹುದು, ನಾನು ಮರೆತಿಲ್ಲ. "ಕೂಡೋ ಕಳೆಯೋ ಲೆಕ್ಕದ ಕಡೆ, ಸರ್" ಎಂದರು ವರ್ನಾ.

ಠಾಣೆ ಉಳಿಯಿತು. ಆ ಚಳಿಗಾಲದಲ್ಲೇ ನನ್ನ ಗಂಡ ಆರ್ವಿಡ್ ಅಂಗಳದ ಹಿಮ ಗೋರುತ್ತಾ ಎದೆ ಹಿಡಿದು ಕುಸಿದ. ಆಂಬುಲೆನ್ಸ್ ಬಂತು. ಇಂದಿಗೂ ನನ್ನ ಅಡುಗೆಗೆ ಹೆಸರಿಡುತ್ತಾ ಬದುಕಿದ್ದಾನೆ.

ಅದೇ ಮಸೂದೆ ಹೊಸ ಹೆಸರಿಟ್ಟುಕೊಂಡು ಗುರುವಾರ ಮತಕ್ಕೆ ಬರುತ್ತಿದೆ. ಈ ಸಲ ಅದರ ಖರ್ಚು ಹೇಳುವವರು ಯಾರು? ಗೋಡೆಯೇ?

ಕುರ್ಚಿ ಇಳಿಸಿ. ನಿಮ್ಮ ಗದರಿಕೆಗೆ ಹೆದರದವರೊಬ್ಬರನ್ನು ಅದರಲ್ಲಿ ಕೂರಿಸಿ. ವರ್ನಾಗೆ ಮಾಡಬಹುದಾದ ಸನ್ಮಾನ ಅದೊಂದೇ. ಕೂರಿಸುವುದಿಲ್ಲವಾದರೆ, ಮತಕ್ಕೆ ಮುಂಚೆ, ಚಪ್ಪಾಳೆ ತಟ್ಟಿಸಿದ ಅದೇ ಪೀಠದಿಂದ, ಏಕೆಂದು ಎಲ್ಲರೆದುರು ಹೇಳಿ.

ಇಂತಿ,
ಬೇಡವೆಂದರೂ ಹಿಮ ಗೋರುವ ಹಟಮಾರಿಯ ಹೆಂಡತಿ,
ಆಗ್ನೆಸ್ ಸ್ಟೆನೆರುಡ್