ಫೋಟೋ ನಂಬರಿನ ತೂಕ

ಮಾರ್ಚ್ ೧೪, ಗುರುವಾರ. ಈರೋಡ್

ಅರಿಶಿನದ ಕೊಂಬು ಒಳ್ಳೆಯದೋ ಹುಳುಕೋ ಎಂದು ನನ್ನ ಪ್ರೋಗ್ರಾಂ ನೂರಕ್ಕೆ ತೊಂಬತ್ತಾರು ಸಲ ಸರಿ ಹೇಳುತ್ತಿತ್ತು. ಅದು ಯಾವ ಲಕ್ಷಣಕ್ಕೆ ಎಷ್ಟು ತೂಕ ಕೊಟ್ಟಿದೆಯೆಂದು ನೋಡಿ ಸೀನಿಯರ್ ತೇನ್ಮೊಳಿ ಅಕ್ಕ ನಕ್ಕೇಬಿಟ್ಟಳು.

“ಬಣ್ಣಾನೂ ಅಲ್ಲ, ಉದ್ದಾನೂ ಅಲ್ಲ ಕಣೇ, ಫೋಟೋ ನಂಬರ್ ನೋಡ್ತಿದೆ! ಒಳ್ಳೇದರ ಫೋಟೋನೆಲ್ಲ ಮೊದ್ಲು ತೆಗೆದ್ಯಾ?”

“ಹೂಂ ಅಕ್ಕಾ. ಹುಳುಕನ್ನ ಊಟ ಆದ್ಮೇಲೆ.”

ಫೋಟೋ ನಂಬರಿನ ಕಾಲಮ್ಮನ್ನೇ ಅಳಿಸಿದೆ. ಸರಿ ಉತ್ತರ ನೂರಕ್ಕೆ ಐವತ್ತೆರಡಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ತೊಂಬತ್ತಾರು ಕೇಳಿ ಸೆಲ್ವಕುಮಾರ್ ಸರ್ ನಿನ್ನೆ ತಾನೇ ಶಹಬ್ಬಾಸ್ ಎಂದಿದ್ದರು. ನಾಳೆ ಕ್ಲಾಸಿನ ಮುಂದೆ ಯಾವುದನ್ನು ಹೇಳಲಿ?

ಒಂದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ನನ್ನ ತಟ್ಟೆ, ಬಟ್ಟೆ, ಹಾಸಿಗೆಗೆಲ್ಲ ನಂಬರಿತ್ತು. ಅದನ್ನು ನೋಡಿಯೇ ನನ್ನದು ಅನ್ನುತ್ತಿದ್ದೆ. ಪಾಪ, ಮಷೀನ್ ಮಾಡಿದ್ದೂ ಅದನ್ನೇ ಅಲ್ಲವಾ? ಐವತ್ತೆರಡು ಎಂದೇ ಹೇಳುತ್ತೇನೆ. ಆದರೆ ಸರ್ “ನಿನಗೆ ಹುಳುಕು ಹೇಗೆ ಗೊತ್ತಾಗತ್ತಮ್ಮಾ?” ಅಂದರೆ, ನಾನೂ ಫೋಟೋ ನಂಬರ್ ನೋಡಿಯೇ ಅನ್ನಬೇಕಾಗುತ್ತದೆ.